ಚಾದರದ ಕೆಳಗಿನ ಚೀಲ

ಮೊಮ್ಮಗಳ ಉಚ್ಚೆ ಪೈಪಿನಲ್ಲಿ ಬಿಳಿ ಚೂರು ಬರುವುದನ್ನು ಮೊದಲು ಕಂಡವಳು ನನ್ನ ಮಗಳು. ಹಾಲು ಒಡೆದರೆ ಗಂಟು ಗಂಟಾಗಿ ತೇಲುತ್ತದಲ್ಲ, ಹಾಗಿತ್ತು. ನನ್ನನ್ನು ಕರೆದು ತೋರಿಸಿದಳು. ಪೈಪನ್ನು ಬೆಳಕಿಗೆ ಹಿಡಿದು ನೋಡಿದೆ. ಮಕ್ಕಳು, ಮೊಮ್ಮಕ್ಕಳು ಅಂತ ಎಷ್ಟೋ ಕೂಸುಗಳ ಉಚ್ಚೆ ಬಳಿದ ಕೈ ನನ್ನದು. ಇಂಥದ್ದನ್ನು ಕಂಡಿರಲಿಲ್ಲ.

“ಇದೆಂತದೇ ಇದು?” ಅಂದೆ.

“ಗೊತ್ತಿಲ್ಲವ್ವ. ನಿನ್ನೆ ಇರ್ಲಿಲ್ಲ.”

“ಸಿಸ್ಟರಿಗೆ ಹೇಳಿದ್ಯಾ?”

“ಹೇಳ್ದೆ. ಡಾಕ್ಟ್ರು ಬರ್ಲಿ ಅಂದ್ರು.”

ಕೂಸಿನ ಹಣೆ ಮುಟ್ಟಿದೆ. ಕಾದಿತ್ತು. ಇಳಿದುಹೋಗಿದ್ದ ಜ್ವರ ಅದು. ಜ್ವರ ಬಿಟ್ಟು, ಕೂಸು ಎದ್ದು ಕೂತು, ಒಂದು ಲೋಟ ಗಂಜಿ ಕುಡಿದು, ಇನ್ನೇನು ಮನೆಗೆ ಹೋಗುವುದು ಅಂತ ನಾವು ಬಟ್ಟೆ ಮಡಚಿಟ್ಟ ಮೇಲೆ ತಿರುಗಿ ಬಂದಿತ್ತು.

ಇದು ನಡೆದದ್ದು ಶಿಕಾರಿಪುರದ ಒಂದು ಸಣ್ಣ ಮಕ್ಕಳ ಆಸ್ಪತ್ರೆಯಲ್ಲಿ. ತೊಂಬತ್ತೈದೋ ತೊಂಬತ್ತಾರೋ ಇಸವಿ. ನಾನು ಸೊರಬ ತಾಲ್ಲೂಕಿನವಳು, ಆನವಟ್ಟಿ ಕಡೆ. ಮಗಳನ್ನು ಕೊಟ್ಟದ್ದು ಶಿಕಾರಿಪುರ ತಾಲ್ಲೂಕಿಗೆ, ಅಂಬ್ಲಿಗೊಳದ ಕಾಲುವೆ ನೀರು ಹರಿಯುವ ಒಂದು ಊರಿಗೆ. ಅವಳ ಮಗಳು ಇದು, ನಾಲ್ಕು ತುಂಬಿದ ಹೆಣ್ಣುಕೂಸು. ಟೈಫಾಯ್ಡ್ ಬಂತು. ಊರಲ್ಲೇ ಮಾತ್ರೆ ಕೊಡಿಸಿ ನೋಡಿದರು, ಇಳಿಯಲಿಲ್ಲ. ಕೂಸು ಕಣ್ಣು ತೆರೆದುಕೊಂಡೇ ಏನೇನೋ ಬಡಬಡಿಸತೊಡಗಿದ ಮೇಲೆ ಶಿಕಾರಿಪುರಕ್ಕೆ ತಂದರು. ಸುದ್ದಿ ತಿಳಿದ ಕೂಡಲೇ ನಾನು ಎಮ್ಮೆಯನ್ನು ಸೊಸೆಯ ಕೈಗೆ ಬಿಟ್ಟು, ಆನವಟ್ಟಿಯಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪದ ಮೇಲೆ ಬಂದೆ.

ನಾನು ಬರುವಷ್ಟರಲ್ಲಿ ಪೈಪು ಹಾಕಿಯಾಗಿತ್ತು. ಎಚ್ಚರವಿಲ್ಲದ ಕೂಸಿಗೆ ಉಚ್ಚೆ ಕಟ್ಟಿ ಹೊಟ್ಟೆ ಉಬ್ಬಿತ್ತಂತೆ. ಅದಕ್ಕೆ ಕೆಳಗಿನಿಂದ ತೆಳ್ಳನೆಯ ರಬ್ಬರು ಪೈಪು ಹಾಕಿ, ಅದರ ತುದಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿ, ಚೀಲವನ್ನು ಮಂಚದ ಕೆಳಗಿನ ಕಂಬಿಗೆ ತೂಗುಹಾಕಿದ್ದರು. ಕೈಗೆ ಗ್ಲೂಕೋಸ್ ಬಾಟಲಿ. ಅದರೊಳಗೆ ಹೊತ್ತು ಹೊತ್ತಿಗೆ ಇಂಜೆಕ್ಷನ್. ಒಂದು ಸಾಲದು ಅಂತ ಇನ್ನೊಂದು, ಅದಕ್ಕೂ ಜಗ್ಗದಿದ್ದಾಗ ಮತ್ತೊಂದು. ಆ ಇಂಜೆಕ್ಷನ್ನಿನಿಂದಲೇ ಟೈಫಾಯ್ಡ್ ಹೋಯಿತು, ಅದರಲ್ಲಿ ಅನುಮಾನವಿಲ್ಲ. ಕೂಸು ನನ್ನ ಗುರುತು ಹಿಡಿದು “ಅಜ್ಜಿ, ಎಮ್ಮೆ ಎಲ್ಲಿ?” ಅಂತ ಕೇಳಿತು. ಪೈಪನ್ನು ಮನೆಗೆ ಹೋಗುವ ದಿನ ತೆಗೆಯುತ್ತೇವೆ ಅಂದಿದ್ದರು.

ಬೀಗತಿ, ಅಂದರೆ ನನ್ನ ಮಗಳ ಅತ್ತೆ, ನನಗಿಂತ ಮೊದಲೇ ಬಂದು ಮಂಚದ ಪಕ್ಕ ಚಾಪೆ ಹಾಸಿಕೊಂಡಿದ್ದಳು. ಗಟ್ಟಿ ಹೆಂಗಸು. ಹಣೆ ತುಂಬ ವಿಭೂತಿ, ಬಾಯಿ ತುಂಬ ಹಲ್ಲು. ನನಗೆ ಮುಂದಿನ ಹಲ್ಲುಗಳು ಆಗಲೇ ಉದುರಿದ್ದವು. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಮದುವೆ ಊಟದ ಪಂಕ್ತಿಯಲ್ಲಿ ಆದ ಒಂದು ಮಾತನ್ನು ಅವಳೂ ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ. ಆಸ್ಪತ್ರೆಯಲ್ಲಿ ಒಂದೇ ಚಾಪೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿದ್ದೆವು.

ಡಾಕ್ಟರು ಬಂದರು. ಚಿಕ್ಕ ವಯಸ್ಸು, ಮಾತು ಕಡಿಮೆ. ಪೈಪು ನೋಡಿದರು, ಕೂಸಿನ ಹೊಟ್ಟೆ ಒತ್ತಿ ನೋಡಿದರು, ಉಚ್ಚೆ ತೆಗೆಸಿ ಪಕ್ಕದ ಬೀದಿಯ ಲ್ಯಾಬಿಗೆ ಕಳಿಸಿದರು. ಮಧ್ಯಾಹ್ನ ನಮ್ಮ ಮೂವರನ್ನೂ ತಮ್ಮ ಕೋಣೆಗೆ ಕರೆದರು.

“ಮೂತ್ರದಲ್ಲಿ ಬೂಷ್ಟು ಬೆಳೆದಿದೆ” ಅಂದರು.

ಮಗಳು ನನ್ನ ಮುಖ ನೋಡಿದಳು. ಬೀಗತಿ ಮುಂದೆ ಬಂದಳು.

“ಏನ್ರೀ ಇದು? ಮನುಷ್ಯರ ಮೈಯಾಗ ಬೂಷ್ಟು ಬೆಳೀತದೇನ್ರಿ? ಕೂಸೇನು ತಂಗಳ ರೊಟ್ಟೀನಾ?”

ಡಾಕ್ಟರು ನಗಲಿಲ್ಲ. “ಬೆಳೀತದಮ್ಮ. ನಾವು ಕೊಟ್ಟ ಇಂಜೆಕ್ಷನ್ ಟೈಫಾಯ್ಡ್ ಹುಳ ಕೊಲ್ಲೋದರ ಜೊತೆಗೆ ಮೈಯಲ್ಲಿರೋ ಒಳ್ಳೇ ಹುಳಾನೂ ಕೊಲ್ತದೆ. ಹೊಲದಲ್ಲಿ ಬೆಳೆ ಕಿತ್ತು ಖಾಲಿ ಬಿಟ್ರೆ ಏನಾಗ್ತದೆ?”

“ಕಳೆ ಬರ್ತದೆ” ಅಂದೆ ನಾನು.

“ಅದೇ. ಕಳೆ ಹತ್ಕೊಳ್ಳೋಕೆ ಒಳಗೊಂದು ಪೈಪೂ ಸಿಕ್ತು. ಈ ಬೂಷ್ಟಿಗೆ ಆ ಇಂಜೆಕ್ಷನ್ ನಾಟಲ್ಲ. ಕೊಟ್ಟಷ್ಟೂ ಇದು ಹೆಚ್ಚಾಗ್ತದೆ. ಅದನ್ನ ಇವತ್ತೇ ನಿಲ್ಲಿಸ್ತೀನಿ.”

“ಹಂಗಾರೆ ಜ್ವರ?” ಅಂದೆ.

ಈಗಿನ ಜ್ವರ ಬೂಷ್ಟಿನದೇ ಅಂದರು ಅವರು. ಬೂಷ್ಟು ಪೈಪಿನಲ್ಲಿ, ಹೊಟ್ಟೆಯೊಳಗಿನ ಮೂತ್ರಕೋಶದಲ್ಲಿ ಮಾತ್ರ ಇದ್ದರೆ ಪೈಪು ತೆಗೆದು ಔಷಧ ಕೊಟ್ಟರೆ ಹೋಗುತ್ತದೆ. ಮೇಲೆ ಹತ್ತಿ ಮೂತ್ರಪಿಂಡಕ್ಕೆ ಹೋಗಿದ್ದರೆ ಅಲ್ಲಿ ಉಂಡೆ ಕಟ್ಟಿಕೊಂಡು ದಾರಿ ಮುಚ್ಚಬಹುದು. ರಕ್ತಕ್ಕೂ ಇಳಿಯಬಹುದು. ಆಗ ಈ ಆಸ್ಪತ್ರೆಯಲ್ಲಿ ಆಗುವುದಿಲ್ಲ, ದಾವಣಗೆರೆಗೆ ಒಯ್ಯಬೇಕು. ಅಲ್ಲಿಯೂ ಏನಾಗುತ್ತದೆಂದು ಹೇಳಲು ಬರುವುದಿಲ್ಲ. ಇಷ್ಟನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. “ನನಗೆ ಒಂದು ವಿಷಯ ತಿಳೀವಲ್ದು. ಬೆಳಿಗ್ಗೆ ಹೊತ್ತು ಚೀಲಕ್ಕೆ ಸರಿಯಾಗಿ ಬೀಳ್ತದೆ. ಸಂಜೆ ಹೊತ್ತು ಬೀಳೋದೇ ಇಲ್ಲ. ದಿನಾ ಹಿಂಗೇ. ಮೇಲೆ ಏನಾದ್ರೂ ಅಡ್ಡ ನಿಂತಿದೆಯೋ ಏನೋ ಅಂತ ನನಗೆ ಹೆದರಿಕೆ. ಸಂಜೆ ನೀರು ಕುಡಿಸ್ತೀರಾ ಇಲ್ವಾ?”

“ಕುಡಸ್ತೀವ್ರಿ” ಅಂದಳು ಬೀಗತಿ.

ಮಗಳು ತಲೆ ತಗ್ಗಿಸಿದಳು. ಅತ್ತೆಯ ಎದುರು ಅವಳ ಬಾಯಿ ಎಂದೂ ಏಳುವುದಿಲ್ಲ. ನಾನು ಹೇಳಿದೆ.

“ಸಂಜೆ ಆ ಚೀಲ ಚಾದರದ ಒಳಗಿರ್ತದೆ.”

“ಏನಂದ್ರಿ?”

“ನೋಡಾಕೆ ಜನ ಬರ್ತಾರಲ್ಲ. ಆವಾಗ ಚೀಲ ಕಂಬಿಯಿಂದ ಬಿಚ್ಚಿ, ಕೂಸಿನ ಹೊಟ್ಟೆ ಮೇಲಿಟ್ಟು ಚಾದರ ಹೊಚ್ತಾರೆ. ಜನ ಹೋದ್ಮೇಲೆ ಇಳಿಸ್ತಾರೆ. ಒಂದೊಂದ್ಸಲ ಸಿಸ್ಟರು ಬರೋ ತನಕ ಇಳಿಸಲ್ಲ.”

ಇದನ್ನು ನಾನು ಬಂದ ದಿನದಿಂದ ಕಂಡಿದ್ದೆ. ಮನೆಗೆ ಜನ ಬಂದರೆ ಒದ್ದೆ ಕೌದಿ ಒಳಗೆ ಎಳೆದಿಡುವುದಿಲ್ಲವೇ, ಅದರಂತೆ ಇದೂ ಅಂದುಕೊಂಡಿದ್ದೆ. ನಮ್ಮ ಕಡೆ ಆಸ್ಪತ್ರೆ ಸೇರಿದವರನ್ನು ನೋಡಲು ಬರುವುದೆಂದರೆ ಸಾವಿಗೆ ಬಂದಷ್ಟೇ ಕಡ್ಡಾಯ. ಶಿಕಾರಿಪುರದ ಸಂತೆಗೆ ಬಂದವರು, ಬ್ಯಾಂಕಿಗೆ ಬಂದವರು, ಹಲ್ಲು ಕೀಳಿಸಲು ಬಂದವರು, ಎಲ್ಲರೂ ಊರಿಗೆ ಹೋಗುವ ಬಸ್ಸಿಗೆ ಮುಂಚೆ ಬಾಳೆಹಣ್ಣು ಹಿಡಿದು ಒಳಗೆ ಬರುತ್ತಿದ್ದರು. ಮಂಚದ ಸುತ್ತ ನಿಂತು ಎಲ್ಲ ಕೇಳುತ್ತಿದ್ದರು. ಏನು ತಿಂತು, ಎಷ್ಟು ಸಲ ಹೋಯಿತು, ಯಾವ ಬಣ್ಣ. ಈಸೂರಿನ ಕಡೆಯ ಅವರ ನೆಂಟಳೊಬ್ಬಳು ಚಾದರ ಎತ್ತಿ ನೋಡಲು ಹೋದಾಗ ಬೀಗತಿ ಅವಳ ಕೈ ಹಿಡಿದು, “ಚಳಿ ಐತಿ, ಬಿಡವಾ” ಅಂದಿದ್ದಳು. ಮೈ ಬೆವರುವ ಸೆಖೆ ಇತ್ತು.

ಡಾಕ್ಟರು ಎದ್ದು ನಿಂತರು. ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ಚೀಲ ಯಾವಾಗಲೂ ಕೂಸಿಗಿಂತ ಕೆಳಗಿರಬೇಕು ಅಂತ ಹೇಳಿದ್ದೆನೋ ಇಲ್ವೋ?”

“ಹೇಳಿದ್ರಿ” ಅಂದಳು ಮಗಳು. ದನಿ ಕೇಳಿಸಲಿಲ್ಲ.

“ಚೀಲದಲ್ಲಿ ಕೊಳೆತ ಮೂತ್ರ ಇರ್ತದೆ. ಅದನ್ನ ಹೊಟ್ಟೆ ಮೇಲಿಟ್ರೆ ಎಲ್ಲಿಗೆ ಹರೀತದೆ? ಬಚ್ಚಲ ನೀರು ತಿರುಗಿ ಬಾವಿಗೆ ಬಿಟ್ಟಂಗೆ ಆಯ್ತು.” ಆಮೇಲೆ ಕೂತು ಹಣೆ ಒತ್ತಿಕೊಂಡರು. “ಸಂಜೆ ಯಾಕೆ ಬೀಳ್ತಿರಲಿಲ್ಲ ಅಂತ ಗೊತ್ತಾಯ್ತು, ಅದೊಂದು ಒಳ್ಳೇದು. ಆದ್ರೆ ಎಷ್ಟು ಮೇಲೆ ಹೋಗಿದೆಯೋ, ಅದೇ ಗೊತ್ತಿಲ್ಲ.”

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಬೀಗತಿ ನನ್ನನ್ನು ತಡೆದಳು.

“ಬೀಗ್ತೇರ, ಡಾಕ್ಟರ ಮುಂದ ನನ್ನ ಮಾನ ತೆಗದ್ರಿ.”

“ಕೇಳಿದ್ರು, ಹೇಳ್ದೆ.”

“ಕೇಳಿದ್ದು ನಿಮ್ಮನ್ನಲ್ಲ.”

“ಕೇಳಿಸ್ಕೊಂಡೋರು ಹೇಳ್ಲಿಲ್ಲ.”

“ಹೆಣ್ಣುಕೂಸು ಅದು. ಅಲ್ಲಿಗೆ ಪೈಪು ಹಾಕ್ಯಾರ, ಉಚ್ಚಿ ಚೀಲದಾಗ ಹೊಯ್ತದ ಅಂತ ಊರಾಗ ಹಬ್ಬಿದ್ರ ನಾಳೆ ಅದನ್ನ ಯಾರು ಕೇಳ್ತಾರ? ಮಕ್ಕಳಾಗಂಗಿಲ್ಲ ಅಂತಾರ. ನಿಮಗೇನ್ರಿ, ನಿಮ್ಮೂರು ದೂರ ಐತಿ. ಅಲ್ಲಿ ಬಾಳೇವು ಮಾಡಾಕಿ ನಾನು.”

“ಕೂಸು ಉಳಿದ್ರೆ ತಾನೇ ಕೇಳಾದು” ಅಂದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಆ ಸಂಜೆ ಅವಳು ಬಾಗಿಲಲ್ಲೇ ಕೂತು, ನೋಡಲು ಬಂದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿದಳು. ನನ್ನ ಜೊತೆ ಮಾತಾಡಲಿಲ್ಲ. ಚೀಲ ಕಂಬಿಗೇ ತೂಗುತ್ತಿತ್ತು. ಸಂಜೆ ಹೊತ್ತಿನಲ್ಲಿ ಅದು ತುಂಬುವುದನ್ನು ನಾವು ಕಂಡದ್ದು ಅಂದೇ.

ಮರುದಿನ ಬೆಳಿಗ್ಗೆ ಪೈಪು ತೆಗೆದರು. ತೆಗೆಯುವಾಗ ಕೂಸು ಕಿರುಚಿದ್ದು ಕೆಳಗಿನ ಔಷಧದ ಅಂಗಡಿಯವನಿಗೂ ಕೇಳಿಸಿತಂತೆ. ಡಾಕ್ಟರು ಹೇಳಿದ್ದು ಇಷ್ಟು. ಇನ್ನು ಕೂಸು ತಾನಾಗಿಯೇ ಉಚ್ಚೆ ಹೊಯ್ಯಬೇಕು. ದೀಪ ಹಚ್ಚುವ ಹೊತ್ತಿನೊಳಗೆ ಹೊಯ್ಯದಿದ್ದರೆ ಮತ್ತೆ ಪೈಪು ಹಾಕಿ ನೇರ ದಾವಣಗೆರೆಗೆ ಕಳಿಸುತ್ತೇನೆ. ಮತ್ತೆ ಪೈಪು ಹಾಕುವುದೆಂದರೆ ಬೂಷ್ಟಿಗೆ ಮತ್ತೆ ಮೆಟ್ಟಿಲು ಇಟ್ಟುಕೊಟ್ಟಂತೆ, ಅದು ನನಗೆ ಬೇಡ. ಹೊಯ್ದರೆ ಅದನ್ನು ಹಿಡಿಯಬೇಕು. ಪೈಪಿಲ್ಲದೆ ಬಂದ ಉಚ್ಚೆಯಲ್ಲಿ ಬೂಷ್ಟು ಎಷ್ಟಿದೆ ಅಂತ ನೋಡಿ, ಇಲ್ಲೇ ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುತ್ತೇನೆ.

ಹಿಡಿಯುವುದಕ್ಕೂ ಒಂದು ರೀತಿ ಹೇಳಿದರು. ಬಿಸಿನೀರಲ್ಲಿ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿಯಬೇಕು. ಬಾಟಲಿ ಅವರೇ ಕುದಿಸಿ ಕೊಟ್ಟರು. ಅದರ ಬಾಯಿಗೆ ಬೆರಳು ತಾಗಿಸಬಾರದು.

ಅಳಿಯ ಕಾರು ಗೊತ್ತುಮಾಡಲು ಹೋದ. ಊರಲ್ಲಿ ಕಾಲುವೆ ನೀರಿನ ಪಾಳಿ ಇತ್ತು, ಅದನ್ನು ಯಾರಿಗೋ ವಹಿಸಿ ಬಂದಿದ್ದ. ನಾವು ಮೂವರು ಹೆಂಗಸರು ಕೂಸಿನ ಸುತ್ತ ಕೂತೆವು.

ನೀರು ಕುಡಿಸಿದೆವು. ಎಳನೀರು ಕುಡಿಸಿದೆವು. ಮಗಳು ಬಾರ್ಲಿ ಗಂಜಿ ಬಸಿದು ತಂದಳು. ಕೂಸು ಎಲ್ಲ ಕುಡಿಯಿತು. ಸಿಸ್ಟರು ಬೆಡ್‌ಪ್ಯಾನ್ ತಂದು ಅಡಿಗೆ ಇಟ್ಟರು. ತಣ್ಣನೆಯ ತಗಡು ತಾಗಿದ್ದೇ ಕೂಸು ಸೆಟೆದುಕೊಂಡಿತು.

“ಹೊಯ್ಯವ್ವ, ಪುಟ್ಟಿ” ಅಂದಳು ಬೀಗತಿ.

“ಒಲ್ಲೆ. ಉರೀತದ.”

“ಪೈಪ್ ತೆಗದಾರಲ್ಲೇ, ಉರಿಯಂಗಿಲ್ಲ.”

“ಉರೀತದ.”

ಬೆಡ್‌ಪ್ಯಾನ್ ತೆಗೆದೆವು. ಆಮೇಲೆ ಮತ್ತೆ ಇಟ್ಟೆವು. ಸಿಸ್ಟರು ಮೂಲೆಯ ನಲ್ಲಿ ಬಿಟ್ಟರು, ನೀರಿನ ಸಪ್ಪಳಕ್ಕೆ ಬರಲಿ ಅಂತ. ಪಕ್ಕದ ಮಂಚದ ಹುಡುಗ ಎದ್ದು ಹೊಯ್ದು ಬಂದ, ನಮ್ಮ ಕೂಸು ಅಲುಗಲಿಲ್ಲ. ಬೀಗತಿ ಸೆರಗಿನ ಗಂಟು ಬಿಚ್ಚಿ ಸಣ್ಣ ಸೀಸೆ ತೆಗೆದು ಹೊಕ್ಕಳಿಗೆ ಹರಳೆಣ್ಣೆ ಹಚ್ಚಿದಳು. ಉಷ್ಣ ಅಂತ ಅವಳ ಲೆಕ್ಕ. ಬೂಷ್ಟು ಅಂತ ಡಾಕ್ಟರು ಹೇಳಿದ ಮೇಲೂ ಅವಳಿಗೆ ಅದು ಉಷ್ಣವೇ. ಎಣ್ಣೆಯಿಂದ ಕೆಡುವುದೇನಿರಲಿಲ್ಲ.

ಮಧ್ಯಾಹ್ನ ದಾಟಿತು. ಕೂಸು ತೊಡೆ ಹಿಚುಕಿಕೊಂಡು ಮಲಗಿತ್ತು. ಜ್ವರ ಹಾಗೇ ಇತ್ತು. ಹೊಟ್ಟೆಯ ಕೆಳಗೆ ಗುಂಡಗೆ ಎದ್ದಿತ್ತು, ಮುಟ್ಟಿದರೆ ಅಳುತ್ತಿತ್ತು. ಡಾಕ್ಟರು ಬಂದು ಬೆರಳಿಟ್ಟು ಬಡಿದು ನೋಡಿದರು.

“ನೀರು ತುಂಬ್ತಿದೆ. ಅಂದ್ರೆ ಮೇಲಿನ ದಾರಿ ಮುಚ್ಚಿಲ್ಲ. ಇಲ್ಲೀತನಕ ಒಳ್ಳೇದು.”

“ಮುಂದೆ?” ಅಂದೆ.

“ಹೊರಗೆ ಬರಬೇಕು, ಅಜ್ಜಿ. ಹೆದರ್ಕೊಂಡು ಬಿಗಿಹಿಡಿದಿದಾಳೆ. ಬಹಳ ಹೊತ್ತು ತುಂಬಿಟ್ಕೊಂಡ್ರೆ ಅದೂ ಕೆಟ್ಟದ್ದೇ. ನಾನು ಇನ್ನು ಬಹಳ ಕಾಯಲ್ಲ.”

ಅವರು ಹೋದ ಮೇಲೆ ಬೀದಿಯಲ್ಲಿ ಕಾರು ನಿಂತ ಸಪ್ಪಳವಾಯಿತು. ಅಂಬಾಸಿಡರ್. ಊರಿನ ಸಾಬರೊಬ್ಬರದು. ಅಳಿಯ ಮೇಲೆ ಬಂದು “ಗಾಡಿ ಬಂತು” ಅಂದು ಬಾಗಿಲಲ್ಲೇ ನಿಂತ. ಮಗಳು ಕೂಸಿನ ಅಂಗಿ, ಲೋಟ, ಥರ್ಮಾಸು ಎಲ್ಲ ಚೀಲಕ್ಕೆ ತುಂಬತೊಡಗಿದಳು. ತುಂಬುತ್ತಾ ಅಳುತ್ತಿದ್ದಳು. ಅಳುವವಳ ಕೈಲಿ ಥರ್ಮಾಸಿನ ಮುಚ್ಚಳ ಸರಿಯಾಗಿ ಕೂರಲಿಲ್ಲ, ಬಾರ್ಲಿ ನೀರೆಲ್ಲ ಬಟ್ಟೆಗೆ ಚೆಲ್ಲಿತು.

ನಾನು ಎದ್ದು ಕೂಸನ್ನು ಎತ್ತಿಕೊಂಡೆ.

“ಎಲ್ಲಿಗೆ ಒಯ್ತೀಯವ್ವ?”

“ಬಚ್ಚಲಿಗೆ.”

“ಅಜ್ಜಿ, ಅದಕ್ಕೆ ನಡೆಯೋಕೆ ಆಗಲ್ಲ, ಅಲ್ಲಿ ಕೂರೋಕೂ ಆಗಲ್ಲ” ಅಂದರು ಸಿಸ್ಟರು.

“ಅದು ಕೂರಾದು ನನ್ನ ಕಾಲ ಮೇಲೆ” ಅಂದೆ.

ನಮ್ಮಲ್ಲಿ ಎಳೆಗೂಸುಗಳನ್ನು ಹಾಗೇ ಕೂರಿಸುವುದು. ದೊಡ್ಡವರು ನೆಲಕ್ಕೆ ಮಣೆ ಹಾಕಿಕೊಂಡು ಕಾಲು ನೀಡಿ ಕೂರಬೇಕು. ಎರಡು ಪಾದ ಸ್ವಲ್ಪ ಅಗಲಿಸಿ, ಅದರ ಮೇಲೆ ಕೂಸಿನ ಕುಂಡೆ ಬರುವಂತೆ ಕೂರಿಸಿಕೊಂಡು, ಬೆನ್ನು ನಮ್ಮ ಮೊಣಕಾಲಿಗೆ ಆನಿಸಬೇಕು. ಕೂಸಿಗೆ ಬೆಚ್ಚಗಿರುತ್ತದೆ, ಬೀಳುವ ಹೆದರಿಕೆ ಇರುವುದಿಲ್ಲ. ಆಮೇಲೆ ಬಾಯಲ್ಲಿ ಸುಸ್ ಅಂತ ಸಪ್ಪಳ ಮಾಡಬೇಕು. ಹುಟ್ಟಿದ ಮೇಲೆ ಕತ್ತು ನಿಂತ ಕೂಡಲೇ ಕಲಿಸುವ ಪಾಠ ಅದು. ಸಪ್ಪಳ ಕೇಳಿದರೆ ಉಚ್ಚೆ ಬರಬೇಕು, ಹಾಗೆ ಮೈಗೆ ಹತ್ತಿರುತ್ತದೆ. ಈ ಕೂಸಿಗೂ ಬಾಣಂತನದಲ್ಲಿ ನಾನೇ ಹತ್ತಿಸಿದ್ದೆ, ಆನವಟ್ಟಿಯ ಮನೆಯಲ್ಲಿ.

ಬೀಗತಿ ಬಚ್ಚಲ ಬಾಗಿಲಿಗೆ ಬಂದು ನಿಂತಳು. ನಿನ್ನೆಯಿಂದ ಮೊದಲ ಸಲ ನನ್ನ ಜೊತೆ ಬಾಯಿ ಬಿಟ್ಟಳು.

“ನಾಕು ವರ್ಷದ ಕೂಸು ಅದು. ತೊಟ್ಟಿಲ ಕೂಸೇನ್ರಿ ಕಾಲ ಮ್ಯಾಲೆ ಕೂಡ್ಸಾಕ? ನಿಮ್ಮ ಕಾಲು ಮುರೀತಾವ.”

“ಮುರಿದ್ರೆ ಇದೇ ಆಸ್ಪತ್ರೆ ಐತಲ್ಲ. ಬಾಟ್ಲಿ ಹಿಡೀರಿ ಬಂದು.”

“ನಾನಾ?”

“ನನ್ನ ಎರಡು ಕೈಯೂ ಕೂಸು ಹಿಡ್ಕೊಂಡಾವೆ. ನಿಮ್ಮ ಸೊಸೆ ಅಳ್ತಿದಾಳೆ. ಇನ್ಯಾರು?”

ಸಿಸ್ಟರು ನೆಲಕ್ಕೆ ಫಿನಾಯಿಲ್ ಹಾಕಿ ತಿಕ್ಕಿಸಿ, ಬಿಸಿನೀರು ಹೊಯ್ದರು. ಬೀಗತಿಯ ಕೈಗೆ ಸೋಪು ಕೊಟ್ಟು ಮೊಣಕೈವರೆಗೆ ತೊಳೆಸಿದರು. ಬಳೆ ಹಿಂದಕ್ಕೆ ಸರಿಸಿ ಅವಳು ನನ್ನ ಪಾದದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಕೈಯಲ್ಲಿ ಕುದಿಸಿದ ಬಾಟಲಿ. ಮಗಳನ್ನು ಹೊರಗಿರು ಅಂದೆ. ಅವಳ ಮುಖ ನೋಡಿದರೆ ಕೂಸು ಇನ್ನೂ ಹೆದರುತ್ತಿತ್ತು.

ಕೂಸನ್ನು ಪಾದದ ಮೇಲೆ ಇಳಿಸಿದೆ. ಭಾರ ಇತ್ತು, ಸುಳ್ಳಲ್ಲ. ಬಿಸಿನೀರಲ್ಲಿ ಮೆಲ್ಲಗೆ ತೊಳೆದೆ. ಅದು ನನ್ನ ಮೊಣಕಾಲು ಬಿಗಿಯಾಗಿ ಹಿಡಿದುಕೊಂಡಿತು.

“ಅಜ್ಜಿ, ಉರೀತದ.”

“ಉರಿಯಲಿ. ಉರಿದು ಹೋಗ್ಲಿ. ಸ್ವಲ್ಪ ಹೊಯ್ದು ನೋಡು, ಉರಿದ್ರೆ ನಿಲ್ಸು.”

“ನಿಲ್ಸಾ?”

“ನಿಲ್ಸು. ಯಾರು ಬ್ಯಾಡ ಅಂತಾರೆ?”

ಸುಸ್ ಅನ್ನಲು ಹೋದೆ. ಮುಂದಿನ ಹಲ್ಲಿಲ್ಲದ ಬಾಯಿ, ಬರೀ ಗಾಳಿ ಹೋಯಿತು. ಮತ್ತೆ ಊದಿದೆ. ಒಲೆ ಊದಿದಂತಾಯಿತು ವಿನಾ ಆ ಸಪ್ಪಳ ಬರಲಿಲ್ಲ. ಕೂಸು ತಿರುಗಿ ನನ್ನ ಬಾಯಿ ನೋಡಿತು. ಹೊರಗೆ ಅಳಿಯ ಯಾರಿಗೋ “ಇನ್ನೂ ಇಲ್ಲ” ಅನ್ನುತ್ತಿದ್ದ. ಡಾಕ್ಟರ ಚಪ್ಪಲಿ ಸಪ್ಪಳ ಬಾಗಿಲವರೆಗೆ ಬಂದು ನಿಂತಿತು.

“ಬೀಗ್ತಿ, ನೀವು ಮಾಡ್ರಿ” ಅಂದೆ.

“ಏನು?”

“ಸುಸ್ ಅನ್ರಿ. ನಿಮಗೆ ಹಲ್ಲದಾವೆ.”

ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಡಾಕ್ಟರು, ಅವಳ ಮಗ, ಪಕ್ಕದ ಮಂಚದವರು, ಎಲ್ಲರಿಗೂ ಕೇಳಿಸುತ್ತದೆ. ಅವಳ ಮುಖ ಕೆಂಪಾಯಿತು. ಬಾಯಿ ತೆರೆದು, ಮುಚ್ಚಿ, ಆಮೇಲೆ ಸುರುಮಾಡಿದಳು. ಸಣ್ಣಗೆ. ನಂತರ ಜೋರಾಗಿ. ಕುಕ್ಕರಿನ ಸೀಟಿಗೆ ಮುಂಚೆ ಉಗಿ ಬಿಡುತ್ತದಲ್ಲ, ಹಾಗೆ ಎಡೆಬಿಡದೆ ಸುಸ್ಸೆನ್ನುತ್ತ ಕೂತಳು. ಉಸಿರು ಮುಗಿದರೆ ಎಳೆದುಕೊಂಡು ಮತ್ತೆ ಸುರು. ನಾನು ಕೂಸಿನ ಬೆನ್ನು ಮೇಲಿನಿಂದ ಕೆಳಕ್ಕೆ ಸವರುತ್ತಿದ್ದೆ. ನನ್ನ ಪಾದಗಳು ಜೋಮು ಹಿಡಿದು, ಅವು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಏನೂ ಬರಲಿಲ್ಲ.

“ಬಿಡ್ರಿ” ಅಂದರು ಹೊರಗಿನಿಂದ ಡಾಕ್ಟರು. “ಸಾಕು. ಪೈಪು ಹಾಕಿ ಕಳಿಸ್ತೀನಿ.”

ಪೈಪು ಅನ್ನುವ ಮಾತು ಕೂಸಿಗೆ ಕೇಳಿಸಿತು. ಅದರ ಮೈ ಒಂದು ಸಲ ಕಲ್ಲಾಯಿತು. ನಾನು ಅದರ ಕಿವಿ ಮುಚ್ಚಿದೆ. ಬೀಗತಿ ಬಾಗಿಲ ಕಡೆ ತಿರುಗಲೂ ಇಲ್ಲ. ಸುಸ್ಸೆನ್ನುವುದನ್ನೂ ನಿಲ್ಲಿಸಲಿಲ್ಲ. ಎಡಗೈಯಲ್ಲಿ ಬಿಸಿನೀರಿನ ತಂಬಿಗೆ ತೆಗೆದು ಕೂಸಿನ ಕಾಲ ಮೇಲೆ ಸಣ್ಣಗೆ ಹೊಯ್ದಳು, ಹೊಯ್ಯುತ್ತಲೇ ಇದ್ದಳು. ನೀರು ಕೂಸಿನ ತೊಡೆಯಿಂದ ನನ್ನ ಪಾದಕ್ಕೆ ಇಳಿದು ಹೋಗುತ್ತಿತ್ತು. ತಂಬಿಗೆ ಖಾಲಿಯಾಯಿತು. ನನ್ನ ಪಾದದ ಮೇಲೆ ಬೆಚ್ಚಗಿನ ನೀರು ಇನ್ನೂ ಬರುತ್ತಿತ್ತು.

ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

“ಬಂತು” ಅಂದಳು. ಕೂಗಲಿಲ್ಲ, ಕೂಗಿದರೆ ನಿಲ್ಲುತ್ತದೆ ಅಂತ ಅವಳಿಗೂ ಗೊತ್ತಿತ್ತು.

“ಮೊದಲಿಂದು ಬಿಡ್ರಿ” ಅಂದೆ.

“ಗೊತ್ತೈತಿ. ಸುಮ್ನಿರ್ರಿ.”

ಕೂಸು ಮುಖ ಹಿಂಡಿಕೊಂಡಿತು. ನಿಂತಿತು. ಹೇಳಿದ್ದೆನಲ್ಲ, ಉರಿದರೆ ನಿಲ್ಲಿಸು ಅಂತ, ಅದು ನಿಲ್ಲಿಸಿ ನೋಡುತ್ತಿತ್ತು. ಬೀಗತಿ ಮತ್ತೆ ಸುಸ್ ಅಂದಳು. ಈ ಸಲ ಧಾರೆ ಜೋರಾಗಿ ಬಂತು. ಅವಳು ಬಾಟಲಿ ಅಡ್ಡ ಹಿಡಿದಳು. ಕೈ ತುಂಬ ಹೊಯ್ದುಕೊಂಡಳು, ಸೀರೆ ಮೇಲೆ ಹೊಯ್ದುಕೊಂಡಳು, ಬಾಟಲಿಯೂ ತುಂಬಿತು. ಬಾಯಿಗೆ ಬೆರಳು ತಾಗಿಸಲಿಲ್ಲ.

ಕೂಸು ಆಮೇಲೂ ಹೊಯ್ಯುತ್ತಲೇ ಇತ್ತು. ನನ್ನ ಸೀರೆ ಮೊಣಕಾಲವರೆಗೆ ತೊಯ್ದುಹೋಯಿತು.

“ಉರೀತೇನೇ?” ಅಂದೆ.

“ಸೊಲ್ಪ” ಅಂತು.

ಸಿಸ್ಟರು ಬಾಟಲಿ ಹಿಡಿದು ಲ್ಯಾಬಿಗೆ ಓಡಿದರು. ನಾನು ಎದ್ದು ನಿಲ್ಲಲು ಹೋಗಿ ಆಗದೆ ಅಲ್ಲೇ ಕೂತಿದ್ದೆ. ಅಳಿಯ ಬಂದು ರಟ್ಟೆ ಹಿಡಿದು ಎಬ್ಬಿಸಿದ.

ಅಷ್ಟಕ್ಕೆ ಮುಗಿಯಲಿಲ್ಲ. ಉಚ್ಚೆ ಬಂದರೂ ಅದರಲ್ಲಿ ಬೂಷ್ಟು ಮೊದಲಿನಷ್ಟೇ ಇದ್ದರೆ ದಾವಣಗೆರೆಗೆ ಹೋಗಲೇಬೇಕಿತ್ತು. ಕಾರು ಕೆಳಗೆ ನಿಂತಿತ್ತು. ಕಾರಿನ ಸಾಬರು ಮೇಲೆ ಬಂದು ಬಾಗಿಲಲ್ಲಿ ಇಣುಕಿದರು.

“ಏನಮ್ಮ, ಹೊರಡೋದಾ?”

“ಗೊತ್ತಿಲ್ಲಪ್ಪ. ಕೂಸು ಉಚ್ಚೆ ಹೊಯ್ದದೆ. ಅದನ್ನ ನೋಡ್ತಾವ್ರೆ.”

“ನೋಡ್ಲಿ, ನೋಡ್ಲಿ. ಗಾಡಿ ಎಲ್ಲೂ ಓಡೋಗಲ್ಲ” ಅಂದು ಅವರು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದರು. ಸಿಸ್ಟರು ಬಂದು ಬೈದ ಮೇಲೆ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು.

ಬೀಗತಿ ಸೀರೆ ಬದಲಾಯಿಸಲಿಲ್ಲ. ಒದ್ದೆ ಸೀರೆಯಲ್ಲೇ ಮಂಚದ ಕಾಲ ಹತ್ತಿರ ಕೂತು ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ತಿಕ್ಕುತ್ತಿದ್ದಳು, ಹಚ್ಚಿಕೊಳ್ಳಲಿಲ್ಲ, ಸುಮ್ಮನೆ ತಿಕ್ಕುತ್ತಿದ್ದಳು. ಊರಿನಿಂದ ಇಬ್ಬರು ಹೆಂಗಸರು ಬಾಳೆಹಣ್ಣು ಹಿಡಿದು ಬಂದರು. ಅವಳ ಸೀರೆ ನೋಡಿ ಒಬ್ಬಳು ಮೂಗಿಗೆ ಸೆರಗು ತಂದಳು.

“ಏನಾಗಿತ್ತ ಅಕ್ಕಾ ಕೂಸಿಗೆ? ಜ್ವರ ಅಂದಿದ್ರಲ್ಲ.”

ನಾನು ಬಾಯಿ ತೆರೆಯಲಿಲ್ಲ. ಅವಳನ್ನು ಕೇಳಿದ್ದು.

“ಜ್ವರಾನ” ಅಂದಳು ಬೀಗತಿ. “ಜ್ವರ ಇತ್ತು. ಈಗ ಕೂತ್ಕೊಳ್ರಿ ಸುಮ್ನ.”

ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಬಂದರು. ಬೂಷ್ಟು ಇದೆ, ಆದರೆ ನಿನ್ನೆ ಕಂಡಷ್ಟಿಲ್ಲ, ಬಹಳ ಕಡಿಮೆಯಾಗಿದೆ. ಕೂಸು ತಾನೇ ಹೊಯ್ಯುತ್ತಿರುವುದರಿಂದ ಇಲ್ಲೇ ಇಟ್ಟುಕೊಂಡು ನೋಡೋಣ. ಬೂಷ್ಟಿನ ಔಷಧ ನಮ್ಮೂರಲ್ಲಿ ಸಿಗುವುದಿಲ್ಲ, ಶಿವಮೊಗ್ಗದಿಂದ ಬಸ್ ಕಂಡಕ್ಟರ್ ಕೈಲಿ ತರಿಸುತ್ತೇನೆ. ಜ್ವರ ಇಳಿಯದಿದ್ದರೆ ಆಗ ಕಳಿಸುತ್ತೇನೆ. ಇವತ್ತು ಬೇಡ ಅಂದರು.

ಅಳಿಯ ಕಾರು ವಾಪಸು ಕಳಿಸಲು ಕೆಳಗೆ ಹೋದ.

ಔಷಧ ಬಂತು. ಕ್ಯಾಪ್ಸೂಲ್ ಮಾತ್ರೆ ಬಿಚ್ಚಿ ಒಳಗಿನ ಪುಡಿಯನ್ನು ಪಾಲು ಮಾಡಿ ಜೇನಿನಲ್ಲಿ ಕಲಸಿ ಕೊಟ್ಟರು. ಜ್ವರ ಒಮ್ಮೆಲೇ ಬಿಡಲಿಲ್ಲ. ಒಂದು ದಿನ ಇಳಿಯುವುದು, ಮತ್ತೊಂದು ದಿನ ಸಂಜೆ ಏರುವುದು. ಏರಿದ ದಿನ ನಮ್ಮಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಹಗಲೆಲ್ಲ ಕೂಸನ್ನು ಕಾಲ ಮೇಲೆ ಕೂರಿಸುವುದು ನಾನು, ಸುಸ್ಸೆನ್ನುವುದು ಬೀಗತಿ. ಪಕ್ಕದ ಮಂಚದ ಹುಡುಗ ನಮ್ಮನ್ನು ಕಂಡರೆ ನಗುತ್ತಿದ್ದ. ಬೀಗತಿ ಅವನಿಗೆ, “ನಗು ಮಗನ, ನಿನಗೂ ಒಂದ್ಸಲ ಕಟ್ಲಿ, ಆವಾಗ ಕರೀತೀ ನನ್ನ” ಅನ್ನುತ್ತಿದ್ದಳು. ಕಡೆಗೆ ಲ್ಯಾಬಿನಿಂದ ಏನೂ ಇಲ್ಲ ಅಂತ ಬಂತು. ಅದರ ಹಿಂದೆಯೇ ಜ್ವರವೂ ಬಿಟ್ಟಿತು. ಮತ್ತೆ ಬರಲಿಲ್ಲ.

ಮನೆಗೆ ಹೊರಟ ದಿನ ಬಸ್ಸಿನಲ್ಲಿ ಕೂಸು ಬೀಗತಿಯ ತೊಡೆಯ ಮೇಲೆ ಕೂತಿತ್ತು. ಸಂತೆ ದಿನ, ಬಸ್ಸು ತುಂಬಿ ನಿಲ್ಲಲೂ ಜಾಗವಿರಲಿಲ್ಲ. ಅವರ ಊರಿನವರೇ ಅರ್ಧ ಬಸ್ಸು. ಊರು ಇನ್ನೂ ದೂರವಿದ್ದಾಗ ಕೂಸು “ಅಜ್ಜಿ, ಉಚ್ಚಿ” ಅಂತು. ಬೀಗತಿ ಏಳುವ ಮುಂಚೆಯೇ ಹೊಯ್ದುಬಿಟ್ಟಿತು. ಅವಳ ತೊಡೆಯಿಂದ ಇಳಿದು ಸೀಟಿನ ಕೆಳಗೆ ಹರಿದು ಮುಂದಕ್ಕೆ ಹೋಯಿತು. ಮುಂದಿನ ಸೀಟಿನಲ್ಲಿ ಕೂತವನು ತಿರುಗಿ ನೋಡಿದ.

“ಏನಮ್ಮ, ನಾಕು ವರ್ಷದ ಹುಡುಗಿ, ಹೇಳಾಕೆ ಬರಲ್ವಾ ಅದಕ್ಕೆ?”

ಬಸ್ಸಿನಲ್ಲಿದ್ದವರೆಲ್ಲ ನೋಡಿದರು. ನಾನು ಬೀಗತಿಯ ಮುಖ ನೋಡಿದೆ. ಅವಳು ಕೂಸನ್ನು ಎತ್ತಲೂ ಇಲ್ಲ, ಸೀರೆ ಜಾಡಿಸಲೂ ಇಲ್ಲ.

“ಹೊಯ್ಲಿ ಬಿಡೋ” ಅಂದಳು, ಹಿಂದಿನ ಸೀಟಿನವರೆಗೂ ಕೇಳುವಂತೆ. “ಅದು ಹೊಯ್ಯದ ದಿನ ನಾವೇನು ಪಟ್ಟೀವಿ ಅಂತ ನಿನಗೇನು ಗೊತ್ತೈತಿ? ಪೈಪು ಹಾಕಿದ್ರು, ಬೂಷ್ಟು ಹಿಡದಿತ್ತು, ಅರ್ಧ ಸತ್ತಿತ್ತು. ಕಾಲು ಮ್ಯಾಲೆ ತಗೋ.”

ಅವನು ಕಾಲು ಮೇಲೆ ತೆಗೆದುಕೊಂಡ.